ಪೆಟ್ಟಿಗೆ ಬಿಚ್ಚಿಸುತ್ತಿದ್ದ ಟೀಚರ್

ಅವರಿಗೆ ಕುದುರೆ ಬಿಡಿಸಲು ಬರುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬರೆಯುತ್ತಾ ಹೋದಂತೆ ಅವರ ಬಗ್ಗೆ ಒಳ್ಳೆಯ ಮಾತುಗಳೇ ಬಂದುಬಿಡುವ ಅಪಾಯವಿದೆ. ಹಾಗೆ ಬಂದಾಗಲೆಲ್ಲ ಓದುವವರು ಈ ಒಂದು ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು. ಅವರ ಕುದುರೆ ಹಸುವಿಗಿಂತ ತುಸು ತೆಳ್ಳಗೆ, ಆಡಿಗಿಂತ ತುಸು ದಪ್ಪಗೆ ಇರುತ್ತಿತ್ತು. ನನ್ನ ಕುದುರೆಗಳಾದರೋ ಅಬುಧಾಬಿಯಿಂದ ದುಬೈವರೆಗೆ ಹೋಟೆಲುಗಳ ಲಾಬಿಯಲ್ಲಿ ಕೇಸರ ಹಾರಿಸುತ್ತಾ ನಿಂತಿವೆ.

ಕಳೆದ ತಿಂಗಳು ಅವರು ನಿವೃತ್ತರಾಗಿ ಮಂಗಳೂರಿನ ಕಡೆಯ ತಮ್ಮ ಊರಿಗೆ ಹೋದರು. ಬೀಳ್ಕೊಡುಗೆಯ ದಿನ ಪ್ರಿನ್ಸಿಪಾಲರು ನನ್ನನ್ನೇ ಮಾತಾಡಲು ಕರೆದರು. ಅಬುಧಾಬಿಯ ನಮ್ಮ ಶಾಲೆಯ ಚಿತ್ರಕಲೆಯ ಕೋಣೆಯನ್ನು ಇಷ್ಟು ವರ್ಷ ಅವರೊಂದಿಗೆ ಹಂಚಿಕೊಂಡವನು ನಾನಲ್ಲವೇ. ನಾನು ಮೈಕ್ ಹಿಡಿದು ಅವರ ಸಮಯಪಾಲನೆಯನ್ನು ಹೊಗಳಿದೆ. ಒಬ್ಬರ ಸಮಯಪಾಲನೆಯನ್ನು ಹೊಗಳುವುದೆಂದರೆ ಬೇರೇನನ್ನೂ ಹೊಗಳಲು ಮನಸ್ಸಿಲ್ಲವೆಂದು ಅರ್ಥ. ಅವರು ಮುಂದಿನ ಸಾಲಿನಲ್ಲಿ ಕೂತು, ಸ್ಕಾರ್ಫಿನ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವರಿಗೆ ಗೊತ್ತಾಗಿತ್ತು.

ಹೆಸರು ಬರೆಯುವುದಿಲ್ಲ. ಬ್ಯಾರಿ ಮನೆಯ ಹೆಣ್ಣುಮಗಳು, ಹೆಸರು ಅಚ್ಚಾಗುವುದು ಅವರಿಗೆ ಇಷ್ಟವಾಗಲಿಕ್ಕಿಲ್ಲ. ನನಗೂ ಆ ಹೆಸರನ್ನು ಇನ್ನೊಮ್ಮೆ ಅಚ್ಚಿನಲ್ಲಿ ನೋಡುವ ಆಸೆಯಿಲ್ಲ. ಮಕ್ಕಳನ್ನು ಬಿಟ್ಟರೆ ಶಾಲೆಯಲ್ಲಿ ಎಲ್ಲರೂ ಅವರನ್ನು 'ಟೀಚರ್' ಎಂದೇ ಕರೆಯುತ್ತಿದ್ದರು. ಉಳಿದ ನಾವು ಮೂವತ್ತು ನಲವತ್ತು ಮಂದಿ ಅಲ್ಲಿ ಪಾಠ ಮಾಡುವ ಬದಲು ಇಡ್ಲಿ ಮಾರುತ್ತಿದ್ದೆವೋ ಎಂಬಂತೆ.

ಅವರು ಸೇರಿದ ದಿನ, ಕೋಣೆಯಲ್ಲಿ ಯಾರಿಗೆ ಯಾವ ಭಾಗ ಎಂಬ ಮಾತು ಬಂತು. ಹಿರಿಯನೆಂದು ಆರಿಸುವ ಹಕ್ಕು ನನಗೆ ಸಿಕ್ಕಿತು. ನಾನು ಎ.ಸಿ. ಕೆಳಗಿನ ಜಾಗ ಆರಿಸಿಕೊಂಡೆ. ಅವರಿಗೆ ಉಳಿದದ್ದು ಕಿಟಕಿಯ ಪಕ್ಕ. ಬೆಳಗಿನ ಬಿಸಿಲು ಎಡಗಡೆಯಿಂದ ಇಳಿದು, ಧೂಳಿನ ಗಾಜಿನಲ್ಲಿ ಸೋಸಿಕೊಂಡು ಅವರ ಮೇಜಿನ ಮೇಲೆ ಬೀಳುತ್ತಿತ್ತು. ಅಲ್ಲಿ ಅವರು ಒಂದು ಚಹಾದ ಲೋಟ ಇಟ್ಟರೂ ಅದು ಚಿತ್ರವಾಗುತ್ತಿತ್ತು. ನಾನು ಇತ್ತ ತಣ್ಣಗೆ ಕೂತು ಅದನ್ನು ನೋಡುತ್ತಿದ್ದೆ.

ಅವರಿಗೆ ಹಾಲೆಂಡಿನ ಹಳೆಯ ಚಿತ್ರಗಾರರ ಹುಚ್ಚು. ರಾಜರನ್ನು, ಯುದ್ಧಗಳನ್ನು, ದೇವತೆಗಳನ್ನು ಬಿಟ್ಟು, ತರಕಾರಿ ಸುಲಿಯುವವಳನ್ನು, ನೆಲ ಗುಡಿಸುವವಳನ್ನು, ಮಗುವಿನ ತಲೆಯಲ್ಲಿ ಹೇನು ನೋಡುವ ತಾಯಿಯನ್ನು ಬಿಡಿಸಿದವರು ಆ ಜನ. ಅಡಿಗೆಮನೆ, ಅದರಾಚೆ ತೆರೆದ ಬಾಗಿಲು, ಬಾಗಿಲಾಚೆ ಇನ್ನೊಂದು ಕೋಣೆ, ಅಲ್ಲಿ ಒಂದು ಕುರ್ಚಿ. ಅಷ್ಟೇ. ನಾನೂ ಕಲಾಶಾಲೆಯಲ್ಲಿ ಅವನ್ನೆಲ್ಲ ಓದಿದವನೇ. ಪರೀಕ್ಷೆಗೆ ಓದಿದೆ, ಬರೆದೆ, ಮರೆತೆ. ಅವರು ಪರೀಕ್ಷೆ ಮುಗಿದ ಮೇಲೂ ಅಲ್ಲೇ ಕೂತಿದ್ದರು.

ಒಮ್ಮೆ ಅಂಥ ಕೆಲವು ಚಿತ್ರಗಳು ಇಲ್ಲಿನ ಮ್ಯೂಸಿಯಂಗೆ ಬಂದಿದ್ದವು. ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಹೋದೆವು. ನಾನು ಒಂದು ಚಿತ್ರದ ಮುಂದೆ ನಿಂತು ಬೆಳಕಿನ ಬಗ್ಗೆ, ಆ ಕಾಲದ ವ್ಯಾಪಾರದ ಬಗ್ಗೆ, ನೀಲಿ ಬಣ್ಣ ಎಲ್ಲಿಂದ ಬರುತ್ತಿತ್ತು ಎಂಬುದರ ಬಗ್ಗೆ ಚೆನ್ನಾಗಿಯೇ ಹೇಳಿದೆ. ಮಕ್ಕಳು ಒಬ್ಬರ ಶೂ ಲೇಸನ್ನು ಇನ್ನೊಬ್ಬರು ತುಳಿಯುತ್ತಾ ನಿಂತಿದ್ದರು. ಪಕ್ಕದ ಚಿತ್ರದ ಮುಂದೆ ಟೀಚರ್ ತಮ್ಮ ಗುಂಪಿಗೆ ಒಂದೇ ಮಾತು ಕೇಳಿದರು: "ಈ ಹೆಂಗ್ಸು ಯಾರ ಮೇಲೆ ಸಿಟ್ಟು ಮಾಡಿಕೊಂಡದ್ದು ಹೇಳಿ ನೋಡುವ?"

ಮಕ್ಕಳು ಮುಗಿಬಿದ್ದರು. "ಮಿಸ್, ಹರ್ ಹಸ್ಬೆಂಡ್!" "ನೋ ಮಿಸ್, ದ ಕ್ಯಾಟ್!" ಕೊನೆಗೆ ಕಾವಲುಗಾರ ಬಂದು ತುಸು ಹಿಂದೆ ನಿಲ್ಲಿ ಎಂದು ಹೇಳಬೇಕಾಯಿತು. ನನ್ನ ಗುಂಪಿನ ಮಕ್ಕಳೂ ಒಬ್ಬೊಬ್ಬರಾಗಿ ಅತ್ತ ಜಾರಿದರು. ನನಗೆ ಹೊಟ್ಟೆಕಿಚ್ಚಾಯಿತು. ಅದು ಮೊದಲನೆಯ ಸಲವಲ್ಲ, ಕೊನೆಯದೂ ಅಲ್ಲ, ಆದರೆ ಆ ದಿನ ಅದು ಎದೆಯಲ್ಲಿ ಹುಳಿತೇಗಿನ ಹಾಗೆ ಬಂದು ನಿಂತದ್ದು ಚೆನ್ನಾಗಿ ನೆನಪಿದೆ.

ಮರುದಿನ ಅವರು ತರಗತಿಯಲ್ಲಿ, "ನಿಮ್ಮ ಮನೆಯಲ್ಲಿ ನಿನ್ನೆ ಯಾರು ಎಂತ ಕೆಲಸ ಮಾಡ್ತಿದ್ದರು, ಅದನ್ನು ಬಿಡಿಸಿ" ಎಂದರು. ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ನೋಬಡಿ ಡಸ್ ಎನಿಥಿಂಗ್. ಮಮ್ಮಿ ಆರ್ಡರ್ಸ್" ಎಂದಳು.

"ಹಾಗಾದ್ರೆ ಮಮ್ಮಿ ಆರ್ಡರ್ ಮಾಡುದನ್ನೇ ಬಿಡಿಸು" ಎಂದರು ಟೀಚರ್.

ಹುಡುಗಿ ಬಿಡಿಸಿದಳು. ಸೋಫಾದ ಮೇಲೆ ಕಾಲು ಮಡಚಿ ಕೂತ ತಾಯಿ, ಮುಖದ ಮೇಲೆ ಫೋನಿನ ಬೆಳಕು, ಬಾಗಿಲ ಬಳಿ ಚಪ್ಪಲಿಗಳ ರಾಶಿ, ಬಾಗಿಲಾಚೆ ಹೆಲ್ಮೆಟ್ ತೊಟ್ಟ ಡೆಲಿವರಿಯವನು. ಆ ಚಿತ್ರ ಪ್ರಿನ್ಸಿಪಾಲರ ಕೋಣೆಯ ಗೋಡೆ ಸೇರಿತು. ಅಲ್ಲಿ ಅದಕ್ಕೆ ಜಾಗ ಮಾಡಲು ಇಳಿಸಿದ್ದು ನಾನು ಬಿಡಿಸಿದ್ದ ಗಿಡುಗದ ಚಿತ್ರವನ್ನು. ಗಿಡುಗವನ್ನು ಪ್ಯೂನ್ ಅಪ್ಪಿಕೊಂಡು ತಂದು ನನ್ನ ಮೇಜಿಗೆ ಒರಗಿಸಿ ಹೋದ. ಟೀಚರ್ ಅದನ್ನು ನೋಡಿ, "ಅಯ್ಯೋ ಸರ್, ನಾನು ಹೇಳಿದ್ದಲ್ಲ ಮಾರ್ರೆ" ಎಂದರು. ಹೇಳಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಕೆಟ್ಟವರ ಮೇಲೆ ಕರುಬುವುದು ಸುಲಭ, ಇಂಥವರ ಮೇಲೆ ಕರುಬಲು ಬಹಳ ಶ್ರಮಪಡಬೇಕಾಗುತ್ತದೆ.

ಇನ್ನು ಪೆಟ್ಟಿಗೆಯ ವಿಷಯ. ಗಲ್ಫಿನಲ್ಲಿ ಸಂಸಾರ ಮಾಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ನಮ್ಮವರ ಮನೆಗಳಲ್ಲಿ ಒಳ್ಳೆಯ ಸಾಮಾನು ಕಣ್ಣಿಗೆ ಬೀಳುವುದಿಲ್ಲ. ಅದು ಮಂಚದಡಿಯ ಕಾರ್ಟನ್ನಿನಲ್ಲಿ, ಹಳೆಯ ಪತ್ರಿಕೆ ಸುತ್ತಿಕೊಂಡು, ಬ್ರೌನ್ ಟೇಪು ಬಿಗಿದುಕೊಂಡು ಮಲಗಿರುತ್ತದೆ. ಊರಲ್ಲಿ ಮನೆ ಕಟ್ಟುವಾಗ ಬೇಕು ಎಂದು ಕೊಂಡದ್ದು. ಪಿಂಗಾಣಿ ಬಟ್ಟಲು, ದಪ್ಪ ಕಂಬಳಿ, ಹಿತ್ತಾಳೆಯ ಹೂಜಿ, ಕಸೂತಿಯ ಮೇಜುಹೊದಿಕೆ. ಇಲ್ಲಿ ತಿನ್ನುವುದು ಅಂಚು ಮುಕ್ಕಾದ ತಟ್ಟೆಯಲ್ಲಿ, ಕುಡಿಯುವುದು ಯಾವುದೋ ಉಪ್ಪಿನಕಾಯಿಯ ಗಾಜಿನ ಬಾಟಲಿಯಲ್ಲಿ. ಇಲ್ಲಿರುವುದು ತಾತ್ಕಾಲಿಕ ಎಂಬುದು ನಮ್ಮೆಲ್ಲರ ನಂಬಿಕೆ. ಕೂದಲು ನೆರೆತರೂ ಆ ನಂಬಿಕೆ ಕದಲುವುದಿಲ್ಲ.

ನಮ್ಮ ಮನೆಯಲ್ಲೂ ಅಂಥದೊಂದು ಕಾರ್ಟನ್ ಇತ್ತು. ಮದುವೆಯಾದ ವರ್ಷ ದುಬೈನ ನೈಫ್‌ನ ಒಂದು ಅಂಗಡಿಯಲ್ಲಿ ನನ್ನ ಹೆಂಡತಿ ಇಷ್ಟಪಟ್ಟು ಆರಿಸಿದ ನೀಲಿ ಹೂವಿನ ತಟ್ಟೆಗಳ ಸೆಟ್ಟು ಅದರಲ್ಲಿತ್ತು. ಅಬುಧಾಬಿಯ ಖಾಲಿದಿಯಾ ಬಡಾವಣೆಯಲ್ಲೇ ಮೂರು ಬಾಡಿಗೆ ಮನೆ ಬದಲಿಸಿದೆವು, ಮೂರು ಸಲವೂ ಅದನ್ನು ನಾನೇ ಹೊತ್ತೆ. ಒಮ್ಮೆಯೂ ಬಿಚ್ಚಲಿಲ್ಲ.

ಟೀಚರ್ ಚಿತ್ರ ಬಿಡಿಸುವ ಕ್ರಮ ಹೀಗಿತ್ತು. ಶನಿವಾರ ಯಾರದಾದರೂ ಮನೆಗೆ ಹೋಗುವುದು. ಮನೆಯಾಕೆಯೊಡನೆ, "ಮಂಚದ ಅಡಿಯಿಂದ ನಿಮಗೆ ಇಷ್ಟದ್ದೊಂದು ಹೊರಗೆ ತೆಗೀರಿ" ಎನ್ನುವುದು. ಆಮೇಲೆ ಆಕೆ ತನ್ನ ಕೆಲಸ ಮಾಡಬೇಕು, ಸುಮ್ಮನೆ ಭಂಗಿ ಕೊಡುವಂತಿಲ್ಲ. ಮೀನು ಶುಚಿ ಮಾಡುವುದೋ, ಅಕ್ಕಿ ಆರಿಸುವುದೋ, ಅಬಾಯದ ನಿಲುವಂಗಿಗೆ ಇಸ್ತ್ರಿ ಹಾಕುವುದೋ, ನಿಜವಾದ ಕೆಲಸ. ಅದು ಮುಗಿಯುವವರೆಗೆ ಟೀಚರ್ ಕುಂಚ ಓಡಿಸುವುದು. ಮುಗಿಯಿತೋ, "ಖಲಾಸ್" ಎಂದು ಬಣ್ಣದ ಪೆಟ್ಟಿಗೆ ಮುಚ್ಚುವುದು. ಮೂಗು ಅರ್ಧವಾಗಿದ್ದರೂ ಸರಿಯೇ. ಮುಂದಿನ ಶನಿವಾರ ಅದೇ ಮನೆ, ಅದೇ ಕೆಲಸ, ಅದೇ ಅಡುಗೆ. ಚಿತ್ರ ಮುಗಿದ ಮೇಲೆ ಕೂತವರಿಗೇ ಅದನ್ನು ಕೊಟ್ಟುಬಿಡುವುದು. ಚಿತ್ರಗಳು ಪುಸ್ತಕದಷ್ಟೇ ದೊಡ್ಡವು.

ಅವರು ಹೋದ ಮೇಲೆ ಆ ಮನೆಗಳಲ್ಲಿ ಒಂದು ವಿಚಿತ್ರ ನಡೆಯುತ್ತಿತ್ತು. ಹೊರಗೆ ಬಂದ ಸಾಮಾನು ಮತ್ತೆ ಒಳಗೆ ಹೋಗುತ್ತಿರಲಿಲ್ಲ. ನಮ್ಮ ಕಟ್ಟಡದಲ್ಲೇ ಇರುವ ಭಟ್ಕಳದ ವ್ಯಾಪಾರಿಯೊಬ್ಬರು ಒಂದು ದಿನ ಲಿಫ್ಟಿನ ಬಳಿ ನನ್ನನ್ನು ತಡೆದು ನಿಲ್ಲಿಸಿದರು.

"ಕ್ಯಾ ಮಾಸ್ಟರ್‌ಸಾಬ್, ನಿಮ್ಮ ಟೀಚರ್ ಬಂದು ಹೋದ ಮೇಲೆ ನಮ್ಮ ಮನೆಯಾಕೆ ದಿನಾ ಬೆಳ್ಳಿ ಅಂಚಿನ ಕಪ್ಪಲ್ಲಿ ಚಹಾ ಕೊಡ್ತಾಳೆ. ಒಡೆದರೆ ಯಾರು ಜವಾಬ್ದಾರಿ?"

"ಚಹಾ ಹೇಗುಂಟು?" ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿ, "ಚಹಾ ಒಳ್ಳೇದಾಗಿದೆ" ಎಂದು ಒಪ್ಪಿಕೊಂಡರು.

ನಾನು ನಗುತ್ತಾ ಮನೆಗೆ ಬಂದೆ. ನಮ್ಮ ಮನೆಗೆ ಮಾತ್ರ ಟೀಚರ್ ಬರುವ ಪ್ರಸಂಗವೇ ಇಲ್ಲವೆಂದು ನನಗೆ ಖಾತ್ರಿಯಿತ್ತು. ಒಬ್ಬ ಚಿತ್ರಗಾರನ ಮನೆಗೆ ಇನ್ನೊಬ್ಬ ಚಿತ್ರಗಾರ ಕುಂಚ ಹಿಡಿದು ಹೋಗುವುದುಂಟೇ? ಆ ದಿನಗಳಲ್ಲಿ ನನಗೆ ಅಲ್ ಕೂಜ್‌ನ ಚಿತ್ರಗಳಿಗೆ ಚೌಕಟ್ಟು ಹಾಕುವ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು, ಹೊಸ ಹೋಟೆಲಿಗೆ ಗೋಡೆಯಗಲದ ಕುದುರೆಗಳು. ಶನಿವಾರ ಬೆಳಿಗ್ಗೆ ಬಸ್ಸಿನಲ್ಲಿ ದುಬೈಗೆ ಹೋದರೆ ಬರುವಾಗ ಸಂಜೆ. ಬಂದು ಊಟಕ್ಕೆ ಕೂತರೆ ಬಸಳೆ ಹುಳಿ. ಮುಂದಿನ ಶನಿವಾರವೂ ಬಸಳೆ ಹುಳಿ. ಅದರ ಮುಂದಿನದೂ. ಮಾರ್ಕೆಟ್ಟಿನಲ್ಲಿ ಬಸಳೆ ಹೆಚ್ಚು ಬಂದಿರಬೇಕೆಂದುಕೊಂಡು ಉಂಡೆ.

ಹಾಗಿರುವಾಗ ಒಂದು ಸಂಜೆ ಬಸಳೆ ಹುಳಿ ನೀಲಿ ಹೂವಿನ ತಟ್ಟೆಯಲ್ಲಿ ಬಂತು.

"ಎಂತ, ನೆಂಟರು ಬಂದಿದ್ದರಾ?" ಎಂದೆ.

"ಇಲ್ಲ" ಎಂದಳು ಹೆಂಡತಿ.

"ಮತ್ತೆ ಇದು?"

"ತಟ್ಟೆ" ಎಂದಳು.

ಮಗಳು ಫೋನಿನಿಂದ ಕಣ್ಣೆತ್ತದೆ, "ಅಪ್ಪಾ, ಇಟ್ಸ್ ಜಸ್ಟ್ ಎ ಪ್ಲೇಟ್" ಎಂದಳು. ಇಬ್ಬರೂ ಒಂದಾದಾಗ ನಾನು ಸಾಮಾನ್ಯವಾಗಿ ಉಣ್ಣುವುದನ್ನು ಮುಂದುವರಿಸುತ್ತೇನೆ. ಆ ದಿನವೂ ಹಾಗೇ ಮಾಡಿದೆ.

ಸತ್ಯ ತಿಳಿದದ್ದು ಕಳೆದ ಚಳಿಗಾಲದಲ್ಲಿ. ಅಲ್ ಕೂಜ್‌ನಲ್ಲಿ ಈಗ ಹಳೆಯ ಗೋದಾಮುಗಳನ್ನು ಗ್ಯಾಲರಿ ಮಾಡಿದ್ದಾರೆ. ಪಕ್ಕದಲ್ಲಿ ಟಯರ್ ಬದಲಿಸುವ ಸದ್ದು, ಒಳಗೆ ಬಿಳಿ ಗೋಡೆ. ಇಲ್ಲಿನ ಭಾರತೀಯ ಶಿಕ್ಷಕರ ಚಿತ್ರಗಳನ್ನು ಸೇರಿಸಿ ಅಂಥದೊಂದು ಕಡೆ ಪ್ರದರ್ಶನ ಏರ್ಪಡಿಸಿದ್ದರು. ನನ್ನ ಕುದುರೆ ಬಾಗಿಲಲ್ಲೇ ಇತ್ತು, ಆಳೆತ್ತರ. ಬಂದವರೆಲ್ಲ ಅದರ ಜೊತೆ ಸೆಲ್ಫಿ ತೆಗೆದುಕೊಂಡು ಒಳಗೆ ಹೋದರು. ಒಳಗೆ ಹೋದವರು ಹೊರಗೆ ಬರಲೇ ಇಲ್ಲ. ಕೂತವರಿಂದ ಎರವಲು ತಂದ ಟೀಚರ್ ಚಿತ್ರಗಳು ಅಲ್ಲಿ ಸಾಲಾಗಿದ್ದವು. ಪುಟ್ಟ ಚಿತ್ರಗಳಾದ್ದರಿಂದ ಜನ ಮೂಗು ತಾಗುವಷ್ಟು ಹತ್ತಿರ ನಿಂತಿದ್ದರು. ನನ್ನ ಕುದುರೆಗೆ ಯಾರೂ ಅಷ್ಟು ಹತ್ತಿರ ನಿಂತದ್ದನ್ನು ನಾನು ಕಂಡಿಲ್ಲ.

ಕರುಬುತ್ತಲೇ ಒಂದೊಂದಾಗಿ ನೋಡುತ್ತಾ ಹೋದೆ. ಭಟ್ಕಳದವರ ಮನೆಯಾಕೆಯ ಕೈ, ಬೆಳ್ಳಿ ಅಂಚಿನ ಕಪ್ಪು. ಒಬ್ಬಾಕೆ ಕಿಟಕಿಯ ಬಳಿ ಮಗಳ ಜಡೆ ಬಿಡಿಸುತ್ತಿದ್ದಳು. ಆಮೇಲೆ ನಮ್ಮ ಅಡಿಗೆಮನೆ.

ಸ್ಟೂಲಿನ ಮೇಲೆ ನನ್ನ ಹೆಂಡತಿ. ಮಡಿಲಲ್ಲಿ ಬಸಳೆಯ ಬಳ್ಳಿ, ಮುಂದೆ ನೀಲಿ ಹೂವಿನ ತಟ್ಟೆ, ತಟ್ಟೆಯಲ್ಲಿ ಬಿಡಿಸಿಟ್ಟ ಎಲೆಗಳು. ಎಡಗಡೆಯ ಕಿಟಕಿಯಿಂದ ಬೆಳಕು ಅವಳ ಮಣಿಕಟ್ಟಿನವರೆಗೆ ಬಂದಿತ್ತು. ಹಿಂದೆ ತೆರೆದ ಬಾಗಿಲು, ಆಚೆ ಹಾಲ್, ಅಲ್ಲಿ ನನ್ನ ಈಸೆಲ್, ಅದರಲ್ಲಿ ನನ್ನದೇ ಕುದುರೆಯೊಂದರ ಹಿಂಭಾಗ ಮತ್ತು ಬಾಲ. ಮುಂಭಾಗವನ್ನು ಜಾಣತನದಿಂದ ಬಾಗಿಲ ಚೌಕಟ್ಟಿನ ಹಿಂದೆ ಮರೆಮಾಡಿದ್ದರು. ಬೇರೆ ದಿನವಾಗಿದ್ದರೆ ಅದಕ್ಕೇ ಸಿಟ್ಟು ಬರುತ್ತಿತ್ತು. ಆದರೆ ನಾನು ನೋಡುತ್ತಿದ್ದದ್ದು ಹೆಂಡತಿಯ ಬಾಯಿಯನ್ನು. ಅದು ಅರ್ಧ ತೆರೆದಿತ್ತು. ಅವಳು ಏನನ್ನೋ ಹೇಳುತ್ತಿದ್ದಳು. ಹೇಳಲು ಬಹಳ ದಿನದಿಂದ ಕಾದಿದ್ದವರು ಹೇಳುವ ಹಾಗೆ, ಕೈ ಎಲೆಯ ಮೇಲೇ ನಿಂತು, ಕಣ್ಣು ಎಲ್ಲೋ ದೂರ ಇಟ್ಟು ಹೇಳುತ್ತಿದ್ದಳು. ಆ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ಚೆನ್ನಾಗಿ ಬಿಡಿಸಿದ್ದರು. ಕುದುರೆಯ ಮಾತು ಬೇರೆ.

ಟೀಚರ್ ಹಿಂದೆ ಬಂದು ನಿಂತಿದ್ದರು. "ಸಿಟ್ಟು ಬಂತಾ ಸರ್?"

"ಇಲ್ಲ" ಎಂದೆ. "ಅವಳು ಅಲ್ಲಿ ಏನು ಹೇಳುತ್ತಿದ್ದಾಳೆ?"

"ಅದು ನಾನು ಹೇಳಿದ್ರೆ ಚಂದವಾ? ಮನೆಯಲ್ಲೇ ಉಂಟಲ್ಲ, ಕೇಳಿ."

ಬಸ್ಸಿನಲ್ಲಿ ಅಬುಧಾಬಿಯವರೆಗೆ ಅದೇ ಯೋಚನೆ. ಶಾಲೆಯಲ್ಲಿ ನನ್ನ ಗಿಡುಗ ಇಳಿದಾಗ ಆದ ಉರಿ ಒಂದು ಬಗೆಯದು. ಅದನ್ನು ಇನ್ನೊಂದು ಗಿಡುಗ ಬಿಡಿಸಿ ಆರಿಸಿಕೊಳ್ಳಬಹುದು. ಇದು ಹಾಗಲ್ಲ. ನನ್ನ ಹೆಂಡತಿ, ನನ್ನ ಅಡಿಗೆಮನೆ, ನಾನು ಹೊತ್ತ ತಟ್ಟೆ, ಆದರೆ ಅವಳು ಬಾಯಿ ತೆರೆದದ್ದು ಬೇರೆಯವರ ಮುಂದೆ. ನನ್ನ ಮುಂದೆ ಅವಳು ತೆರೆಯುವುದು ಗ್ಯಾಸ್ ಮುಗಿಯಿತು, ಬಾಡಿಗೆಯ ಚೆಕ್ ಕೊಡಬೇಕು, ಮಗಳಿಗೆ ಶೂ ಬೇಕು ಎಂಬುದಕ್ಕೆ. ಬೇರೊಬ್ಬ ಗಂಡಸಿನ ಮೇಲೆ ಕರುಬಿದ್ದರೆ ಜಗಳವಾದರೂ ಆಡಬಹುದಿತ್ತು. ಸ್ಕಾರ್ಫ್ ಸುತ್ತಿಕೊಂಡು, ಬರುವಾಗ ಬಸಳೆಯನ್ನೂ ಬಹುಶಃ ತಾವೇ ಹಿಡಿದು ಬರುವ ಹೆಂಗಸಿನ ಮೇಲೆ ಎಂಥ ಜಗಳ ಆಡುವುದು?

"ನನಗೆ ಯಾಕೆ ಹೇಳಲಿಲ್ಲ?" ಎಂದು ಮನೆಗೆ ಬಂದು ಕೇಳಿದೆ.

"ನೀವು ಕೇಳ್ಲೇ ಇಲ್ಲ ಅಲ್ವ" ಎಂದಳು. "ಅಷ್ಟು ಬಸಳೆ ತಿಂದ್ರಿ, ಎಂತಕ್ಕೆ ಅಂತ ಒಂದು ದಿನ ಕೇಳ್ಬಹುದಿತ್ತು."

ಅದರ ಮುಂದಿನ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಕೇಳಿದರೆ ಆ ಚಿತ್ರ ನನ್ನನ್ನು ಮುಟ್ಟಿತೆಂದು ಒಪ್ಪಿಕೊಂಡಂತಾಗುತ್ತಿತ್ತು. ಪ್ರದರ್ಶನ ಮುಗಿದು ಚಿತ್ರ ಮನೆಗೆ ಬಂತು. ಹೆಂಡತಿ ಅದನ್ನು ಫ್ರಿಜ್ಜಿನ ಪಕ್ಕ ತೂಗುಹಾಕಿದಳು. ನೀರಿಗೆಂದು ಹೋದಾಗಲೆಲ್ಲ ಅವಳು ಗೋಡೆಯ ಮೇಲೆ ಏನನ್ನೋ ಹೇಳುತ್ತಿರುತ್ತಾಳೆ, ನನಗೆ ಕೇಳಿಸುವುದಿಲ್ಲ. ಒಂದೆರಡು ಸಲ ಬಾಯಿಯ ಆಕಾರ ನೋಡಿ ಊಹಿಸಲೂ ಪ್ರಯತ್ನಿಸಿದೆ. ಮಗಳು ನೋಡಿ, "ಆರ್ ಯೂ ಓಕೆ?" ಎಂದು ಕೇಳಿದಳು.

ಶಾಲೆಯಲ್ಲಿ ಟೀಚರ್ ಮತ್ತೆ ಆ ವಿಷಯ ಎತ್ತಲಿಲ್ಲ. ಎತ್ತುವರೆಂದು ಕಾದೆ. ಅವರು ಕೊನೆಯ ದಿನಗಳಲ್ಲಿ ತಮ್ಮ ಮೇಜು ಖಾಲಿ ಮಾಡುತ್ತಾ, "ಸರ್, ಈಗಾದ್ರೂ ಈ ಕಿಟಕಿಗೆ ಬನ್ನಿ. ಆ ಎ.ಸಿ. ಅಡಿ ಕೂತು ನಿಮಗೆ ಶೀತವೇ ಬಿಡುದಿಲ್ಲ" ಎಂದರು. ನಾನು ಸೀನಿದೆ. ಅವರ ಜಾಗಕ್ಕೆ ಹೋಗಿ ಕೂರುವುದು ನನ್ನಿಂದಾಗದ ಮಾತು ಎಂದುಕೊಂಡೆ. ಅವರ ವಿಮಾನ ಹೊರಟ ಮರುದಿನವೇ ಮೇಜು ಎಳೆದುಕೊಂಡು ಅಲ್ಲಿ ಕೂತೆ.

ಅವರು ಹೋದ ಮೇಲೆ ಹೊಟ್ಟೆಕಿಚ್ಚು ತಾನಾಗಿ ಆರಬೇಕಿತ್ತು. ಆರಲಿಲ್ಲ. ವಾರಕ್ಕೊಮ್ಮೆ ಅವರು ಹೆಂಡತಿಗೆ ಫೋನು ಮಾಡುತ್ತಾರೆ. ಅಡಿಗೆಮನೆಯ ಬಾಗಿಲು ಅರ್ಧ ಮುಚ್ಚಿಕೊಳ್ಳುತ್ತದೆ. ಒಳಗಿಂದ ನಗು ಕೇಳುತ್ತದೆ.

ಮೊನ್ನೆ ಶನಿವಾರ ಬೆಳಿಗ್ಗೆ ನನಗೆ ತಡೆಯಲಾಗಲಿಲ್ಲ. ಮಗಳು ಗೆಳತಿಯ ಮನೆಗೆ ಹೋಗಿದ್ದಳು. ಹೆಂಡತಿ ಬೆಳ್ಳುಳ್ಳಿ ಸುಲಿಯಲು ಕೂತಿದ್ದಳು. ನಾನು ಡ್ರಾಯಿಂಗ್ ಹಲಗೆ, ಪೆನ್ಸಿಲು ಹಿಡಿದು ಅಡಿಗೆಮನೆಗೆ ಹೋಗಿ ಎದುರಿಗೆ ಕೂತೆ.

"ಎಂತ?" ಎಂದಳು.

"ನಿನ್ನನ್ನು ಬಿಡಿಸುತ್ತೇನೆ. ನೀನು ಸುಲಿ."

"ಯಾಕೆ, ಕುದುರೆ ಎಲ್ಲ ಖಾಲಿಯಾಯ್ತಾ?" ಎಂದು ನಕ್ಕು ಸೆರಗು ಸರಿಮಾಡಿಕೊಂಡಳು. ಆಮೇಲೆ ಬಾಯಿ ಮುಚ್ಚಿ, ಪಾಸ್‌ಪೋರ್ಟ್ ಫೋಟೋಕ್ಕೆ ಕೂತವಳಂತೆ ನೆಟ್ಟಗಾದಳು. ನಾನು ಬಿಡಿಸಿದೆ. ಹಣೆ ಸರಿಯಾಗಿ ಬಂತು, ಮೂಗೂ ಬಂತು, ಕೈಬೆರಳು ಟೀಚರ್ ಬಿಡಿಸಿದ್ದಕ್ಕಿಂತ ಚೆನ್ನಾಗಿ ಬಂತು. ಬಾಯಿ ಮಾತ್ರ ಮುಚ್ಚಿಯೇ ಇತ್ತು.

"ಮಾತಾಡು" ಎಂದೆ.

"ಎಂತ ಮಾತಾಡುದು? ಟೀಚರ್ ಏನಾದ್ರೂ ಕೇಳ್ತಿದ್ದರು, ನಾನು ಹೇಳ್ತಿದ್ದೆ. ನೀವೂ ಕೇಳಿ."

ಕೇಳಲು ಹೊರಟೆ. ಹಾಲು ತಂದಾಯಿತೇ ಎಂಬುದು ನಾಲಗೆಯ ತುದಿಗೆ ಬಂತು, ಅದನ್ನು ನುಂಗಿದೆ. ಮಗಳ ಫೀಸಿನ ವಿಷಯ ಬಂತು, ಅದನ್ನೂ ನುಂಗಿದೆ. ಅವಳು ಒಂದು ಇಡೀ ಗಡ್ಡೆ ಸುಲಿದು ಮುಗಿಸಿ ನನ್ನನ್ನೇ ನೋಡುತ್ತಿದ್ದಳು.

"ನೀನು ಇಲ್ಲಿಗೆ ಬಂದ ಮೊದಲ ವರ್ಷ," ಎಂದೆ, "ನಿನಗೆ ಹೇಗಿತ್ತು?"

ಅವಳು ಇನ್ನೊಂದು ಗಡ್ಡೆ ತೆಗೆದುಕೊಂಡು ಎಸಳು ಬಿಡಿಸಿದಳು.

"ನೀವು ಶಾಲೆಗೆ ಹೋದ ಮೇಲೆ ನಾನು ಲಿಫ್ಟಲ್ಲಿ ಕೆಳಗೆ ಹೋಗ್ತಿದ್ದೆ" ಎಂದಳು. "ಸುಮ್ಮನೆ. ಕೆಳಗೆ ಒಬ್ಬ ವಾಚ್‌ಮನ್ ಇದ್ದ ಅಲ್ವ, ಪಠಾಣ, ಗಡ್ಡದವನು. ಅವನು ಎದ್ದು ನಿಂತು 'ಸಲಾಂ ಭಾಭೀ' ಹೇಳ್ತಿದ್ದ. ನಾನೂ ಸಲಾಂ ಹೇಳಿ ಮತ್ತೆ ಮೇಲೆ ಬರ್ತಿದ್ದೆ. ಸಂಜೆ ನೀವು ಬರುವವರೆಗೆ ಬೇರೆ ಯಾರ ಸ್ವರವೂ ಇಲ್ಲ ನೋಡಿ. ಅವನು ರಜೆಯಲ್ಲಿ ಊರಿಗೆ ಹೋದಾಗ ಸಹ ಹೋಗ್ತಿದ್ದೆ. ಖಾಲಿ ಕುರ್ಚಿ ನೋಡಿ ಬರ್ತಿದ್ದೆ."



"ಇದನ್ನು ಟೀಚರಿಗೆ ಹೇಳಿದ್ದೆಯಾ?"

"ಹೂಂ" ಎಂದಳು. "ಅವರು ಬಂದ ಮೊದಲನೇ ದಿನವೇ."

ಹೊಟ್ಟೆ ಧಗಧಗ ಉರಿಯಿತು. ಹಾಗೆ ಉರಿಯುತ್ತಲೇ, ಬಿಡಿಸಿದ್ದ ಬಾಯಿಯನ್ನು ರಬ್ಬರಿನಿಂದ ಉಜ್ಜಿ ಅಳಿಸಿ, "ಮತ್ತೆ?" ಎಂದು ಕೇಳಿದೆ.